ನನ್ನ ಮಗಳ್ನ ಫೇಲ್ ಮಾಡ್ರಿ

"ಏಳನೇ ಕ್ಲಾಸಂತ, ಏಳನೇ ಕ್ಲಾಸು. ನಿನ್ ಮಗಳ ಓದಿಗಿಷ್ಟು ಬೆಂಕಿ ಹಚ್ಚ," ಎಂದು ಜಂಬವ್ವ ಚಪ್ಪಟೆಯಾದ ಕೊಡವನ್ನು ಹೊಳೆಮ್ಮನ ಕಾಲ ಬಳಿ ಎಸೆದಳು.

ಜೆಸಿಬಿ ಬಂದು ಹೋಗಿ ಅರ್ಧ ತಾಸೂ ಆಗಿರಲಿಲ್ಲ. ಹೆಂಗಸರೆಲ್ಲ ಯಾರ್ಡಿನಲ್ಲಿ ಅದಿರು ಒಡೆಯುತ್ತಿದ್ದ ಹೊತ್ತಿನಲ್ಲಿ ಅದು ಬಂದು, ಹದಿನಾಲ್ಕು ಜೋಪಡಿಗಳನ್ನು ಬದಿಗೆ ನೂಕಿ, ಲಾರಿಗಳಿಗೆ ಹೊಸ ದಾರಿ ಬಿಡಿಸಿ ಹೋಗಿತ್ತು. ನೀಲಿ ತಾಡಪಾಲು, ಗಳ, ಹಾಸಿಗೆ, ಒಲೆಯ ಕಲ್ಲು ಎಲ್ಲ ಕೆಂಪು ಮಣ್ಣಿನಲ್ಲಿ ಕಲಸಿ ಬಿದ್ದಿದ್ದವು. ಎಲ್ಲಕ್ಕಿಂತ ಮೊದಲು ಗಾಲಿಗೆ ಸಿಕ್ಕಿದ್ದು ಕೊಡಗಳು. ಶುಕ್ರವಾರ ನೀರಿನ ಟ್ಯಾಂಕರ್ ಬರುತ್ತದೆಂದು ಪ್ರತಿಯೊಬ್ಬರೂ ಇದ್ದಬದ್ದ ಕೊಡಗಳನ್ನು ದಾರಿಯ ಅಂಚಿಗೆ ಸಾಲಾಗಿ ಇಟ್ಟು ಕೆಲಸಕ್ಕೆ ಹೋಗಿದ್ದರು.

ಟ್ಯಾಂಕರ್ ಬರುತ್ತದೆಂದು ಓದಿ ಹೇಳಿದವಳು ಹೊಳೆಮ್ಮನ ಮಗಳು ಸುಂಕಮ್ಮ. ಐದು ದಿನದ ಹಿಂದೆ ಬೇವಿನ ಮರಕ್ಕೆ ಯಾರೋ ಒಂದು ಕಾಗದ ಹೊಡೆದು ಹೋದಾಗ ಹೆಂಗಸರೆಲ್ಲ ಅವಳನ್ನೇ ಕೂಗಿ ಕರೆದಿದ್ದರು. ಆ ಜೋಪಡಿಗಳಲ್ಲಿ ಅಷ್ಟು ದೊಡ್ಡ ಕ್ಲಾಸಿಗೆ ಹೋಗುವವಳು ಅವಳೊಬ್ಬಳೇ. ಅವಳು ಸಾಲುಗಳ ಕೆಳಗೆ ಬೆರಳು ಓಡಿಸುತ್ತ, ಒಂದು ಕಡೆಯೂ ತಡವರಿಸದೆ ಓದಿದ್ದಳು.

ಸ್ಕಾರ್ಪಿಯೊ ಬಂದು ನಿಂತಿತು. ಯಾರ್ಡಿನ ಮಾಲೀಕ ಕೊಟ್ರಯ್ಯ ಇಳಿದ. ಆರು ವರ್ಷದ ಹಿಂದೆ ಈ ನೆಲದಲ್ಲಿ ಅವನು ಶೇಂಗಾ ಬಿತ್ತುತ್ತಿದ್ದ. ಹೊಲದ ಕಲ್ಲಿಗೆ ಚೀನಾದವರು ದುಡ್ಡು ಕೊಡುತ್ತಾರೆಂದು ತಿಳಿದ ಮೇಲೆ ಅವನು ಸಾವ್ಕಾರನಾದ, ಶಾಲೆಯ ಸಮಿತಿಗೆ ಅಧ್ಯಕ್ಷನೂ ಆದ. ಹೆಂಗಸರ ಕೂಗಾಟ ಕೇಳಿಸಿಕೊಂಡು, ಬೇವಿನ ಮರದಿಂದ ಕಾಗದವನ್ನು ಕಿತ್ತು ಕೈಯಲ್ಲಿ ಹಿಡಿದ.

"ಕೇಳ್ರಿಲೇ, ಪಾಠ ಓದ್ತೀನಿ," ಎಂದ.

ಒಂದೊಂದೇ ಪದ ಓದಿ, ಪ್ರತಿ ಪದಕ್ಕೂ ನಿಂತು ಅವರ ಮುಖ ನೋಡಿದ. ಶುಕ್ರವಾರದೊಳಗೆ. ಎಲ್ಲರೂ. ಸದರಿ ಜಾಗವನ್ನು. ಖಾಲಿ ಮಾಡತಕ್ಕದ್ದು. ಓದಿ ಮುಗಿಸಿ ಡ್ರೈವರನ ಕಡೆ ತಿರುಗಿ ನಕ್ಕ. "ನಾಕ್ ಅಕ್ಷರ ಬರದ ರಂಡೇರು. ಮನಿ ಬಿಡ್ರಿ ಅಂದ್ರ ನೀರಿಗೆ ಕೊಡ ಹಚ್ಚ್ಯಾವ ನೋಡು."

ಹೊಳೆಮ್ಮ ಮಗಳನ್ನು ಹುಡುಕಿದಳು. ಸುಂಕಿ ಮರದ ಹಿಂದೆ, ಶಾಲೆಯ ಚೀಲ ಹೆಗಲಿಗೇ ಇದ್ದ ಹಾಗೆ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು.

*

ಹೊಳೆಮ್ಮ ಮೆಟ್ರಿ ಎಂಬ ಹಳ್ಳಿಯವಳು. ಅಲ್ಲಿ ಭತ್ತದ ನಾಟಿಗೆ ಹೋಗುತ್ತಿದ್ದಳು. ಅದಿರಿನ ಕೆಲಸ ಶುರುವಾದಾಗ ಗಂಡನ ಜೊತೆ ಸಂಡೂರಿನ ಈ ಕಡೆ ಬಂದಳು. ಗಂಡ ಲಾರಿ ಕ್ಲೀನರ್ ಆಗಿ ಕರಾವಳಿಯ ಬಂದರಿಗೆ ಹೋಗುತ್ತಿದ್ದವನು ಮೊದಲು ವಾರಕ್ಕೊಮ್ಮೆ ಬಂದ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಬರಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆಂದು ಒಬ್ಬ ಡ್ರೈವರ್ ಕಿಟಕಿಯಿಂದಲೇ ಹೇಳಿ ಹೋದ. ಹೊಳೆಮ್ಮ ಅವತ್ತೂ ಕೆಲಸ ಬಿಡಲಿಲ್ಲ. ಗಂಡನ ಬಗ್ಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಮಾತಾಡಬೇಕು ಅನ್ನಿಸಿದ ದಿನ ಆ ಮಾತು ಕೇಳುವವರು ಯಾರೂ ಇರಲಿಲ್ಲ.

ಸಂಜೆ ರೊಟ್ಟಿ ಬಡಿಯುವಾಗ ಸುಂಕಿ ಪಾಠ ಓದುತ್ತಿದ್ದಳು. ಬೀಜ ಮೊಳೆಯುವುದು ಹೇಗೆ, ಯಾವ ರಾಜ ಯಾವ ಕೆರೆ ಕಟ್ಟಿಸಿದ, ಸಮುದ್ರದ ನೀರು ಯಾಕೆ ಉಪ್ಪು. ಹೊಳೆಮ್ಮನಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಜೋಪಡಿಯಲ್ಲಿ ಇನ್ನೊಂದು ದನಿ ಇತ್ತಲ್ಲ, ಅಷ್ಟು ಸಾಕಾಗಿತ್ತು. ಮಗಳ ದನಿ ತನಗೆ ಗೊತ್ತಿಲ್ಲದ ಊರುಗಳಿಂದ ಬರುತ್ತಿದೆ, ಒಂದು ದಿನ ಮಗಳೂ ಆ ಊರುಗಳಿಗೆ ಹೋಗುತ್ತಾಳೆ ಅಂದುಕೊಳ್ಳುತ್ತಿದ್ದಳು.

ಹಳ್ಳದ ಆಚೆ ಹೊಸ ಜೋಪಡಿ ಎದ್ದ ಮೊದಲ ಭಾನುವಾರ, ಮಧ್ಯಾಹ್ನ, ಹೊಳೆಮ್ಮ ಮಗಳ ಪುಸ್ತಕ ಬೇಡಿದಳು. ಯಾರ್ಡಿನಲ್ಲಿ ಅವಳದು ಕಲ್ಲು ಒಡೆದು ಆರಿಸುವ ಕೆಲಸ. ಸಾವಿರ ಕಲ್ಲುಗಳ ನಡುವೆ ಒಂದೇ ಜಾತಿಯವನ್ನು ಕಣ್ಣಿನಲ್ಲೇ ಹೆಕ್ಕಿ ತೆಗೆಯುವುದು ಅವಳಿಗೆ ಉಸಿರಾಟದಷ್ಟು ರೂಢಿ. ಒಂದು ಪುಟ ತೆರೆದು ನೋಡುತ್ತಾ ಕೂತಳು. ಹಾವು ಮೂರು ಸುತ್ತು ಸುತ್ತಿಕೊಂಡ ಹಾಗಿದ್ದ ಒಂದು ಅಕ್ಷರ ಅವಳ ಕಣ್ಣಿಗೆ ಬಿತ್ತು. ಅದರ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದಳು.

ಸುಂಕಿ ಒಂದು ಹೆಸರು ಹೇಳಿದಳು.

ಹೊಳೆಮ್ಮ ಪುಟ ತಿರುವಿ, ಅದೇ ಅಕ್ಷರವನ್ನು ಇನ್ನೊಂದು ಕಡೆ ಹುಡುಕಿ ಬೆರಳಿಟ್ಟಳು. ಸುಂಕಿ ಬೇರೆ ಹೆಸರು ಹೇಳಿದಳು. ಹೊಳೆಮ್ಮ ಮತ್ತೆ ಹತ್ತು ಪುಟ ದಾಟಿ ಅದನ್ನೇ ಹುಡುಕಿದಳು. ಈ ಸಲ ಸುಂಕಿ ಪುಸ್ತಕ ಕಸಿದುಕೊಳ್ಳಲು ಕೈ ಚಾಚಿದಳು. ಆಗ ಹೊಳೆಮ್ಮ ಪಾಠದ ನಡುವೆ ಒಂದು ಸಾಲು ತೋರಿಸಿ ಅಲ್ಲಿಂದ ಓದಲು ಹೇಳಿದಳು. ಸುಂಕಿಗೆ ಆಗಲಿಲ್ಲ. ಮೊದಲ ಸಾಲಿನಿಂದ ಶುರು ಮಾಡಿದರೆ ಇಡೀ ಪಾಠ ಒಂದೇ ಉಸಿರಿಗೆ ಬರುತ್ತಿತ್ತು, ಪುಟ ತಿರುವುವ ಜಾಗವೂ ತಪ್ಪುತ್ತಿರಲಿಲ್ಲ.

"ಸರ ಹೇಳ್ತಾರ, ನಾವು ಹಿಂದಿಂದ ಅಂತೀವಿ," ಎಂದಳು ಸುಂಕಿ. "ಬೋರ್ಡಿನ ಮ್ಯಾಲಿಂದು ನೋಡಿ ಬರಕೊಂತೀವಿ. ನನ್ ಅಕ್ಷರ ಭಾಳ ದುಂಡುಗ ಅದಾವ ಅಂತ ಎಲ್ರಿಗೂ ತೋರಸ್ತಾರ."

"ನೀ ಒಬ್ಬಾಕೇ ಓದು ಅಂತ ಯಾರೂ ಕೇಳಿಲ್ಲ?"

"ಯಾರೂ ಕೇಳಿಲ್ಲ."

"ಮತ್ತ ಅವತ್ತು ಬರಂಗಿಲ್ಲ ಅಂತ ಹೇಳಬೇಕಿತ್ತಿಲ್ಲೋ ಸುಂಕಿ."

"ಹೋದ ಸಲದ ಕಾಗದ ಶುಕ್ರವಾರದ ಟ್ಯಾಂಕರಿಂದಿತ್ತು, ಅದನ್ನ ಅಂದೆ. ಎಲ್ರೂ ನಿಂತಿದ್ರು," ಎಂದಳು. "ನೀನೂ ನಿಂತಿದ್ದಿ."

ಹೊಳೆಮ್ಮ ಪುಸ್ತಕ ಮುಚ್ಚಿದಳು. ಅವತ್ತು ಸಂಜೆ ರೊಟ್ಟಿ ಬಡಿಯುವಾಗ ಓದು ಎಂದು ಅವಳು ಹೇಳಲಿಲ್ಲ, ಸುಂಕಿ ಓದಲೂ ಇಲ್ಲ. ರೊಟ್ಟಿ ಬಡಿಯುವ ಸದ್ದು ಇಷ್ಟು ದೊಡ್ಡದೆಂದು ಹೊಳೆಮ್ಮನಿಗೆ ಮೊದಲ ಸಲ ಗೊತ್ತಾಯಿತು.

*

ಸೋಮವಾರ ಅರ್ಧ ದಿನದ ಕೂಲಿ ಬಿಟ್ಟು ಶಾಲೆಗೆ ಹೋದಳು. ಹೆಡ್‌ಮಾಸ್ಟರ್ ರೇವಣಸಿದ್ದಪ್ಪ ಉದ್ದನೆಯ ಹಾಳೆಗಳಲ್ಲಿ ಏನೋ ತುಂಬುತ್ತಿದ್ದ. ಅವಳು ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದು ಅವನೂ ಹೇಳಲಿಲ್ಲ.

"ನನ್ನ ಮಗಳ್ನ ಫೇಲ್ ಮಾಡ್ರಿ ಸರ," ಎಂದಳು.

ಅವನು ತಲೆಯೆತ್ತಿದ. ಪಾಸು ಮಾಡಿರೆಂದು ಬಂದವರನ್ನು ಇಪ್ಪತ್ತಾರು ವರ್ಷ ನೋಡಿದ್ದ. ಅಡುಗೆಯವಳನ್ನು ಕೂಗಿ, ಬಂದು ಈಕೆಯ ಮಾತು ಕೇಳೆಂದು ನಗತೊಡಗಿದ. ಅಡುಗೆಯವಳೂ ಸೌಟು ಹಿಡಿದೇ ಬಂದು ನಕ್ಕಳು. ಹೊಳೆಮ್ಮ ಅವರ ನಗು ಮುಗಿಯುವ ತನಕ ನಿಂತು, ಮೂರು ಸುತ್ತಿನ ಅಕ್ಷರದ ಕಥೆ ಹೇಳಿದಳು. ಓದಲು ಬರುವ ತನಕ ಸುಂಕಿಯನ್ನು ಒಂದನೇ ಕ್ಲಾಸಿನಲ್ಲಿ ಕೂರಿಸಿದರೂ ಸರಿ, ತನಗೆ ನಾಚಿಕೆಯಿಲ್ಲ ಎಂದಳು.

ರೇವಣಸಿದ್ದಪ್ಪನ ನಗು ಹೋಯಿತು. ಏಳನೇ ಕ್ಲಾಸಿನ ತನಕ ಯಾರನ್ನೂ ಫೇಲ್ ಮಾಡಬಾರದೆಂದು ಮೇಲಿನ ಹುಕುಂ ಇದೆ ಎಂದ. ಏಳು ಕ್ಲಾಸಿಗೆ ಮೂವರು ಮಾಸ್ತರರು, ಒಬ್ಬ ಮತದಾರರ ಪಟ್ಟಿ ಮಾಡಲು ಮನೆಮನೆ ತಿರುಗುತ್ತಿದ್ದಾನೆ, ಇನ್ನೊಬ್ಬ ಹೊಸ ವಿಧಾನದ ತರಬೇತಿಗೆಂದು ಹೊಸಪೇಟೆಯಲ್ಲಿದ್ದಾನೆ, ತಾನು ಅಕ್ಕಿಯ ಚೀಲ ಎಣಿಸಬೇಕೋ ಅಕ್ಷರ ಕಲಿಸಬೇಕೋ ಎಂದು ಅವಳನ್ನೇ ಕೇಳಿದ. ಅದು ಸುಳ್ಳಲ್ಲವೆಂದು ಹೊಳೆಮ್ಮನಿಗೂ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಮೂರು ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಮಗ್ಗಿ ಕೂಗುತ್ತಿದ್ದರು, ಕೂಗಿಸುವವರು ಯಾರೂ ಇರಲಿಲ್ಲ.

ಆಮೇಲೆ ಅವನು ಒಂದು ಪಟ್ಟಿ ತೆಗೆದ. ಬರುವ ತಿಂಗಳು ಹತ್ತೊಂಬತ್ತಕ್ಕೆ ಹೊರಗಿನವರು ಬಂದು ಎಲ್ಲ ಕ್ಲಾಸಿನವರಿಗೂ ಪರೀಕ್ಷೆ ಮಾಡುತ್ತಾರೆ, ಆ ಪರೀಕ್ಷೆಯ ನಂಬರು ಮಕ್ಕಳಿಗಲ್ಲ, ಶಾಲೆಗೆ, ತನಗೆ ಎಂದು ವಿವರಿಸಿದ.

"ಅವತ್ತು ನಿನ್ ಮಗಳ್ನ ಕಳಸಬ್ಯಾಡ. ಜ್ವರ ಅಂತ ಹೇಳು, ಊರಿಗೆ ಹೋಗ್ಯಾಳ ಅಂತ ಹೇಳು. ಯಾರ್ಡಿನ ಹುಡುಗರು ಹನ್ನೊಂದು ಮಂದಿ ಅದಾರ, ಎಲ್ರಿಗೂ ಹೇಳೀನಿ."

"ಮತ್ತ ಯಾರು ಬರೀತಾರ್ರಿ?"

"ಬರಿಯಾಕ ಬರೋರು ಬರೀತಾರ. ನೀ ಕಲ್ಲು ಒಡಿಯಾಕ ಹೋಗವ್ವ."

ಮರುದಿನ ಯಾರ್ಡಿಗೆ ಅದಿರಿನ ಗುಣ ಪರೀಕ್ಷಿಸಲು ಸ್ಯಾಂಪಲ್ ತೆಗೆಯುವವರು ಬರುವುದಿತ್ತು. ಅಂಥ ದಿನ ಕೊಟ್ರಯ್ಯ ಬೆಳಿಗ್ಗೆಯೇ ಬಂದು ನಿಲ್ಲುತ್ತಿದ್ದ. ಹೆಂಗಸರು ಹಗುರವಾದ, ಹಳದಿ ಬಣ್ಣದ ಕಲ್ಲನ್ನು ರಾಶಿಯ ಹೊಟ್ಟೆಯೊಳಗೆ ತುಂಬಿ, ಭಾರವಾದ ನೀಲಿಗಪ್ಪು ಕಲ್ಲನ್ನು ಮೇಲೆ ಹರಡಬೇಕು. ಸ್ಯಾಂಪಲಿನವರು ಮೇಲಿನಿಂದ ನಾಲ್ಕು ಬೊಗಸೆ ತುಂಬಿಕೊಂಡು ಹೋಗುತ್ತಾರೆ. ಹೊಳೆಮ್ಮ ಐದು ವರ್ಷದಿಂದ ಈ ಕೆಲಸ ಮಾಡುತ್ತ ಬಂದಿದ್ದಳು. ಅವತ್ತು ಒಂದು ಹಳದಿ ಕಲ್ಲು ಕೈಯಲ್ಲಿ ಹಿಡಿದು ಸುಮ್ಮನೆ ನಿಂತುಬಿಟ್ಟಳು. ಕೊಟ್ರಯ್ಯ ಬ್ಯಾವರ್ಸಿ ಎಂದು ಬೈದ ಮೇಲೆ ಅದನ್ನು ರಾಶಿಯ ಅಡಿಗೆ ತಳ್ಳಿದಳು.

*

ಪರೀಕ್ಷೆಗೆ ಎರಡು ವಾರ ಮೊದಲು ಶಾಲೆಯಲ್ಲಿ ಸಭೆ ಆಯಿತು. ಪಾಠ, ಪರೀಕ್ಷೆ, ಪುಸ್ತಕ ಎಲ್ಲವನ್ನೂ ಬದಲಿಸುವುದಿದೆ, ಅದಕ್ಕೆ ಪೋಷಕರ ಸಲಹೆ ಬೇಕು ಎಂದು ಮೇಲಿನಿಂದ ಸೂಚನೆ ಬಂದಿತ್ತಂತೆ. ಜನ ಸಾಲದೆಂದು ಕೊಟ್ರಯ್ಯ ಯಾರ್ಡಿನ ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ತಂದಿದ್ದ. ಅವರು ಮೈಮೇಲಿನ ಕೆಂಪು ಧೂಳಿನ ಸಮೇತ ಹಿಂದೆ ನೆಲದ ಮೇಲೆ ಕೂತರು. ಮುಂದೆ ಕುರ್ಚಿಗಳು, ಕುರ್ಚಿಗಳ ಹಿಂದೆ "ಗುಣಮಟ್ಟದ ಶಿಕ್ಷಣ: ಪೋಷಕರೊಂದಿಗೆ ಸಂವಾದ" ಎಂಬ ಬ್ಯಾನರು.

ಶಿಕ್ಷಣ ಇಲಾಖೆಯ ಅಧಿಕಾರಿ ಮಧ್ವೇಶ ಹೊಸಪೇಟೆಯವನು, ಮೆತ್ತಗಿನ ಮಾತಿನ ಮನುಷ್ಯ. ಪರೀಕ್ಷೆಯ ಭಯ ಮಕ್ಕಳ ಮನಸ್ಸನ್ನು ಹೇಗೆ ಕೊಲ್ಲುತ್ತದೆ ಎಂದು ಚೆನ್ನಾಗಿ ಹೇಳಿದ. ಇನ್ನು ಮೇಲೆ ಆಟ, ಹಾಡು, ಚಟುವಟಿಕೆ. ಅಂಕಗಳ ಓಟ ಬೇಡ. ಯಾವ ಮಗುವಿಗೂ ನೀನು ಸೋತೆ ಎಂದು ಹೇಳುವುದು ಬೇಡ. ಹೊಳೆಮ್ಮ ಗಮನವಿಟ್ಟು ಕೇಳಿದಳು. ಅವನ ಮಾತು ಅವಳಿಗೆ ಒಳ್ಳೆಯದೆಂದೇ ಅನ್ನಿಸಿತು. ಕೊಟ್ರಯ್ಯ ಎದ್ದು, ಒಂದನೇ ಕ್ಲಾಸಿನಿಂದ ಇಂಗ್ಲಿಷು ಬೇಕು, ತಾನೊಂದು ಕಂಪ್ಯೂಟರು ಕೊಡಿಸುತ್ತೇನೆ ಎಂದ. ಚಪ್ಪಾಳೆ ಬಿತ್ತು. ಅವನ ಮಕ್ಕಳು ಹೊಸಪೇಟೆಯ ಕಾನ್ವೆಂಟಿಗೆ ಹೋಗುತ್ತಿದ್ದರು.

ಆಮೇಲೆ ಸಲಹೆ ಬರೆಯಲು ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. ಯಾರ್ಡಿನ ಹೆಂಗಸರು ಚೀಟಿಯನ್ನು ಹಿಂದುಮುಂದು ಮಾಡಿ ನೋಡಿದರು. ಮುಂದಿನವರು ಮಡಚಿದ್ದನ್ನು ನೋಡಿ ತಾವೂ ಮಡಚಿದರು. ಒಬ್ಬೊಬ್ಬರಾಗಿ ಎದ್ದು ಹೋಗಿ ಖಾಲಿ ಚೀಟಿಯನ್ನು ಪೆಟ್ಟಿಗೆಗೆ ಹಾಕಿ ಬಂದರು. ಒಬ್ಬಾತ ಫೋಟೊ ತೆಗೆದ.

ಹೊಳೆಮ್ಮ ಚೀಟಿ ಹಾಕಲಿಲ್ಲ. ಎದ್ದು ನಿಂತು, ತನಗೆ ಬರೆಯಲು ಬರುವುದಿಲ್ಲ, ಬಾಯಲ್ಲಿ ಹೇಳಬಹುದೇ ಎಂದು ಕೇಳಿದಳು. ಕೊಟ್ರಯ್ಯ ಕೂತಲ್ಲಿಂದಲೇ ಕುಂದ್ರಲೇ ಎಂದ. ಮಧ್ವೇಶ ಅವನಿಗೆ ಕೈಸನ್ನೆ ಮಾಡಿ, ಹೇಳಿ ಅಮ್ಮ, ನಿಮಗಾಗಿಯೇ ಈ ಸಭೆ ಎಂದ.

"ಯಾವ ಮಗುವಿಗೆ ಎಷ್ಟು ಓದಾಕ ಬರ್ತೈತಿ, ಅದನ್ನ ಅಲ್ಲೇ ಕುಂದ್ರಸ್ರಿ ಸರ. ಬರದಿದ್ರ ಬರಂಗಿಲ್ಲ ಅಂತ ಬರೀರಿ. ನನ್ ಮಗಳಿಗೆ ಬರಂಗಿಲ್ಲ. ಅಕಿನ್ನ ಏಳನೇ ಕ್ಲಾಸಿನ್ಯಾಗ ಪಾಸ್ ಮಾಡಾಕ ಹತ್ಯಾರ. ಫೇಲ್ ಮಾಡ್ರಿ."

ಮಧ್ವೇಶ ಮುಗುಳ್ನಕ್ಕ. "ಹಾಗೆ ಹೇಳಬಾರದಮ್ಮ. ಮಗುವಿನ ಮನಸ್ಸಿಗೆ ನೋವಾಗುತ್ತೆ. ಪ್ರತಿ ಮಗುವಿನಲ್ಲೂ ಏನೋ ಒಂದು ಇರುತ್ತೆ."

ರೇವಣಸಿದ್ದಪ್ಪ ಎದ್ದು, ಆಕೆಯ ಮಗಳ ಬರಹ ಇಡೀ ಶಾಲೆಗೇ ಚಂದ ಎಂದು ಸುಂಕಿಯ ನೋಟ್‌ಬುಕ್ಕನ್ನು ತೆರೆದು ತೋರಿಸಿದ. ಮುತ್ತು ಪೋಣಿಸಿದಂಥ ಸಾಲುಗಳು. ನೋಟ್‌ಬುಕ್ಕು ಕುರ್ಚಿಯಿಂದ ಕುರ್ಚಿಗೆ ಹೋಯಿತು. ಇದಕ್ಕಿಂತ ಇನ್ನೇನು ಬೇಕು ಎಂದು ಯಾರೋ ಅಂದರು. ಕೊಟ್ರಯ್ಯ ಹೊಳೆಮ್ಮನ ಕಡೆ ನೋಡಿ, ಕುಡಿದು ಬಂದಿದ್ದಾಳೆ ಎಂದ. ಮುಂದಿನವರು ನಕ್ಕರು.

ಹೊಳೆಮ್ಮ ಆಗ ಮಾಡಿದ್ದನ್ನು ಆಮೇಲೆ ಎಷ್ಟೋ ಸಲ ನೆನೆದಳು. ಗೋಡೆಯ ಬಳಿ ಮಕ್ಕಳ ಸಾಲಿನಲ್ಲಿದ್ದ ಸುಂಕಿಯ ರಟ್ಟೆ ಹಿಡಿದು ಮುಂದೆ ತಂದು ನಿಲ್ಲಿಸಿದಳು. ಬ್ಯಾನರಿನ ಮೊದಲ ಪದದಲ್ಲಿ ಮೂರು ಸುತ್ತಿನ ಅಕ್ಷರವಿತ್ತು, ಎರಡನೆಯ ಪದದಲ್ಲೂ ಇತ್ತು. ಬೆರಳು ಚಾಚಿ, ಅದೇನು, ಇದೇನು, ಹೇಳು ಎಂದಳು.

ಸುಂಕಿ ಬ್ಯಾನರು ನೋಡಲಿಲ್ಲ. ತಾಯಿಯ ಮುಖ ನೋಡಿದಳು.

ಹೊಳೆಮ್ಮ ಇನ್ನೊಮ್ಮೆ ಕೇಳಿದಳು. ಸುಂಕಿ ತಾಯಿಯ ಕೈ ಕೊಸರಿಕೊಂಡು, ಕುರ್ಚಿಗಳ ನಡುವಿನಿಂದ, ಒಂದು ಚಪ್ಪಲಿ ಅಲ್ಲೇ ಬಿಟ್ಟು ಹೊರಗೆ ಓಡಿದಳು.

"ನೋಡಿದ್ರಿಲ್ರಿ," ಎಂದಳು ಹೊಳೆಮ್ಮ. ಅವಳ ದನಿ ಅವಳಿಗೇ ಬೇರೆಯವರದೆನ್ನಿಸಿತು.

ಮಧ್ವೇಶ ಕೈಗಡಿಯಾರ ನೋಡಿಕೊಂಡ. ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ ಎಂದ. ಉಪ್ಪಿಟ್ಟು ಬಂತು. ಹಿಂದೆ ಕೂತವರ ತನಕ ಬರಲಿಲ್ಲ.

*

ಕೊಟ್ರಯ್ಯ ಹೊಳೆಮ್ಮನನ್ನು ಯಾರ್ಡಿನಿಂದ ತೆಗೆದ. ತೆಗೆದು, ಜಂಬವ್ವನ ಕೈಯಲ್ಲಿ ಹೇಳಿ ಕಳಿಸಿದ: ತಾಯಿ ಬೇಡ, ಮಗಳು ಬೇಕಾದರೆ ಬರಲಿ.

ಆ ಮಾತು ಹೇಳುವಾಗ ಸುಂಕಿ ಅಲ್ಲೇ ಇದ್ದಳು. ಮರುದಿನ ಬೆಳಿಗ್ಗೆ ಹೊಳೆಮ್ಮ ಎದ್ದು ನೋಡಿದಾಗ ಮೂಲೆಯಲ್ಲಿ ಶಾಲೆಯ ಚೀಲವಿತ್ತು, ಸುತ್ತಿಗೆ ಇರಲಿಲ್ಲ. ಓಡಿಹೋಗಿ ಯಾರ್ಡಿನ ಬೇಲಿಯ ಹತ್ತಿರ ನಿಂತಳು. ಒಳಗೆ ಬಿಡಲಿಲ್ಲ. ಸುಂಕಿ ರಾಶಿಯ ಮೇಲೆ, ತಾಯಿ ದಿನವೂ ಕೂರುತ್ತಿದ್ದ ಜಾಗದಲ್ಲೇ ಕೂತು ಕಲ್ಲು ಒಡೆಯುತ್ತಿದ್ದಳು. ಹೊಳೆಮ್ಮ ಕೂಗಿದಳು. ಹೆಂಗಸರೆಲ್ಲ ತಿರುಗಿ ನೋಡಿದರು. ಸುಂಕಿಯೊಬ್ಬಳು ನೋಡಲಿಲ್ಲ.

ಸಂಜೆ ಹೊಳೆಮ್ಮ ಬೇಡಿಕೊಂಡಳು, ಬೈದಳು, ಒಂದು ಸಲ ಹೊಡೆದಳು. ಸುಂಕಿ ಹೊಡೆಸಿಕೊಂಡಳು. ಕೈಯ ಬೊಬ್ಬೆಗೆ ಎಣ್ಣೆ ಹಚ್ಚಲು ಬಂದರೆ ಕೈ ಹಿಂದಕ್ಕೆ ಎಳೆದುಕೊಂಡಳು. ಹೀಗೆ ದಿನಗಳು ಹೋದವು. ಹೊಳೆಮ್ಮ ಹಗಲೆಲ್ಲ ಜೋಪಡಿಯಲ್ಲಿ ಒಬ್ಬಳೇ ಇರುತ್ತಿದ್ದಳು. ಮಗಳು ದುಡಿದು ತಂದದ್ದರಲ್ಲಿ ರೊಟ್ಟಿ ಮಾಡುತ್ತಿದ್ದಳು. ಸುಂಕಿ ಅದನ್ನು ತಿಂದು, ಮುಖ ಆಚೆ ತಿರುಗಿಸಿ ಮಲಗುತ್ತಿದ್ದಳು. ಗಂಡ ಬಿಟ್ಟುಹೋದಾಗ ಜೋಪಡಿ ಇಷ್ಟು ಖಾಲಿಯಾಗಿರಲಿಲ್ಲ.

ತಪ್ಪು ಯಾವುದು ಎಂದು ಹೊಳೆಮ್ಮ ಲೆಕ್ಕ ಹಾಕಿ ಹಾಕಿ ಸೋತಳು. ಮಗಳಿಗೆ ಬರುವುದಿಲ್ಲವೆಂದು ಹೇಳಿದ್ದು ತಪ್ಪಾಗಿರಲಿಲ್ಲ. ಅವಳನ್ನು ನಿಲ್ಲಿಸಿ ಹೇಳಿದ್ದು ತಪ್ಪಾಗಿತ್ತು. ನಿಲ್ಲಿಸದಿದ್ದರೆ ಯಾರೂ ನಂಬುತ್ತಿರಲಿಲ್ಲ. ನಿಲ್ಲಿಸಿದ ಮೇಲೂ ಯಾರೂ ಏನೂ ಮಾಡಲಿಲ್ಲ.

ಹದಿನೆಂಟರ ಸಂಜೆ ಅವಳು ಜೋಪಡಿಯಿಂದ ಜೋಪಡಿಗೆ ಹೋದಳು. ನಾಳೆ ಮಕ್ಕಳನ್ನು ಪರೀಕ್ಷೆಗೆ ತನ್ನ ಜೊತೆ ಕಳಿಸಿರೆಂದು ಕೇಳಿದಳು. ಹಲವರು ಬಾಗಿಲ ಪರದೆ ಎಳೆದುಕೊಂಡರು. ಸ್ವಂತ ಮಗಳ ಮಾನ ಕಳೆದವಳು ನಮ್ಮ ಮಕ್ಕಳದ್ದೂ ಕಳೆಯಲು ಬಂದಳು ಎಂದು ಒಬ್ಬಳು ಒಳಗಿನಿಂದ ಅಂದಳು. ಜಂಬವ್ವ ಎಲೆಯಡಿಕೆ ಜಗಿಯುತ್ತ ಬಹಳ ಹೊತ್ತು ಕೇಳಿದಳು.

"ಏನ್ ಬರೀತಾವಬೇ ಅವು?" ಎಂದಳು.

"ಏನೂ ಬರೆಯಂಗಿಲ್ಲ. ಬರೆಯಂಗಿಲ್ಲ ಅನ್ನೋದು ಅವರಿಗೆ ಕಾಣಬೇಕು."

ಜಂಬವ್ವ ಉಗುಳಿ ಬಂದು, "ನಮ್ಮ ಇಬ್ರು ಮೊಮ್ಮಕ್ಕಳ್ನ ಕರಕೊಂಡು ಹೋಗು. ಮುಂಜಾನೆ ತಲಿ ಬಾಚಿ ಇಟ್ಟಿರ್ತೀನಿ," ಎಂದಳು.

ಅವಳು ಕಳಿಸುತ್ತಾಳೆಂದು ತಿಳಿದು ಇನ್ನೂ ನಾಲ್ವರು ಒಪ್ಪಿದರು. ಹೊಳೆಮ್ಮ ಕೊನೆಗೆ ತನ್ನ ಜೋಪಡಿಗೆ ಬಂದಳು. ಸುಂಕಿ ಸುತ್ತಿಗೆಯ ಹಿಡಿಗೆ ಬಟ್ಟೆ ಸುತ್ತುತ್ತಿದ್ದಳು. ನೀನೂ ಬಾ ಎಂದಳು ಹೊಳೆಮ್ಮ. ಸುಂಕಿ ಬಟ್ಟೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಗಿದಳು.

*

ಬೆಳಿಗ್ಗೆ ಆರು ಮಕ್ಕಳು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ಹೊಳೆಮ್ಮನ ಹಿಂದೆ ನಡೆದರು. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಶಾಲೆ ಮುಟ್ಟುವ ಹೊತ್ತಿಗೆ ಎಣ್ಣೆಯ ಮೇಲೆ ಧೂಳು ಕೂತು ಎಲ್ಲರ ತಲೆಯೂ ಕೆಂಪಾಗಿತ್ತು.

ರೇವಣಸಿದ್ದಪ್ಪ ಗೇಟಿನಲ್ಲೇ ಅಡ್ಡ ಬಂದ. ಏನು ನಾಟಕ ಹಚ್ಚಿದ್ದೀ ಎಂದು ಹಲ್ಲು ಕಚ್ಚಿ ಮೆಲ್ಲಗೆ ಬೈದ. ಹೊಳೆಮ್ಮ ಮಕ್ಕಳನ್ನು ಅವನ ಪಕ್ಕದಿಂದ ಒಬ್ಬೊಬ್ಬರಾಗಿ ಒಳಗೆ ನೂಕಿ, ಕೋಣೆಗೆ ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದಳು. ಪರೀಕ್ಷೆ ಮಾಡಲು ಬೇರೆ ಊರಿನಿಂದ ಬಂದಿದ್ದ ಮೇಡಂ ವಯಸ್ಸಾದವಳು. ಪಟ್ಟಿಯಲ್ಲಿ ಹೆಸರಿದ್ದವರು ಕೂರಬಹುದು ಎಂದಳು.

ಹೊಳೆಮ್ಮ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಮೇಡಂ ಹೆಸರು ಕೂಗತೊಡಗಿದಳು. ಕೂಗಿದ ಹಾಗೆ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದಳು. ಕೊನೆಗೆ ಸುಂಕಮ್ಮ ಎಂದಳು.

ಊರಿಗೆ ಹೋಗಿದ್ದಾಳೆ ಮೇಡಂ, ಜ್ವರವಂತೆ ಎಂದ ರೇವಣಸಿದ್ದಪ್ಪ.

"ಊರಿಗೆ ಹೋಗಿಲ್ರಿ," ಎಂದಳು ಹೊಳೆಮ್ಮ ಬಾಗಿಲಿನಿಂದ. "ಅಕಿಗೆ ಜ್ವರನೂ ಇಲ್ಲ. 'ಓದಾಕ ಬರಂಗಿಲ್ಲ, ಕೊಟ್ರಯ್ಯನ ಯಾರ್ಡಿನ್ಯಾಗ ಕಲ್ಲು ಒಡಿಯಾಕ ಹತ್ಯಾಳ' ಅಂತ ಬರೀರಿ."

ಮೇಡಂ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದಳು. "ಅಷ್ಟೆಲ್ಲ ಬರಿಯಾಕ ಇದರಾಗ ಜಾಗ ಇಲ್ಲಮ್ಮ. ಬಂದ್ರ ಹಾಜರಿ, ಬರದಿದ್ರ ಗೈರು. ಎರಡೇ ಅದಾವ."

"ಜಾಗ ಮಾಡ್ರಿ. ಬರಿಯೋತನಕ ನಾ ಏಳಂಗಿಲ್ಲ."

ಹೊಳೆಮ್ಮ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಕೂತಳು. ರೇವಣಸಿದ್ದಪ್ಪ ಫೋನು ತೆಗೆದು ಕೊಟ್ರಯ್ಯನಿಗೆ ಹಚ್ಚುತ್ತ ಆಚೆ ಹೋದ. ಮುಂದಿನ ಸಾಲಿನ ಆರು ಮಕ್ಕಳು ಪ್ರಶ್ನೆಯ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ ಅವಳ ಕಡೆಗೇ ನೋಡುತ್ತಿದ್ದರು. ಗುಡ್ಡದ ಕಡೆಯಿಂದ ಸುತ್ತಿಗೆಗಳ ಸದ್ದು ಬರುತ್ತಿತ್ತು. ನಲವತ್ತೋ ಐವತ್ತೋ ಸುತ್ತಿಗೆಗಳು. ಹೊಳೆಮ್ಮ ಕಿವಿಗೊಟ್ಟಳು. ಅವುಗಳಲ್ಲಿ ಸುಂಕಿಯದು ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಮೇಡಂ ಇನ್ನೂ ಬರೆದಿರಲಿಲ್ಲ. ಅವಳ ಪೆನ್ನು ಆ ಹೆಸರಿನ ಮುಂದೆ, ಕಾಗದಕ್ಕೆ ತಾಗದೆ ನಿಂತಿತ್ತು.